ಬಡವನಹಳ್ಳಿ ಸಂತೆಯ ಅಯ್ನೋರು

ರುದ್ರಮುನಿಯನ್ನು ಮಧುಗಿರಿಯಲ್ಲಿ ಯಾರೂ ಮದುವೆಗೆ ಕರೆಯುವುದಿಲ್ಲ. ಹಾಗಂತ ಯಾರಿಗೂ ಅವನ ಮೇಲೆ ಸಿಟ್ಟಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎದುರು ಸಿಕ್ಕರೆ ‘ಚೆನ್ನಾಗಿದೀರಾ’ ಎಂದು ಕೇಳುತ್ತಾರೆ. ಅವನು ಬಾಯಿ ತೆರೆಯುವುದರೊಳಗೆ ಮುಂದೆ ಹೋಗಿರುತ್ತಾರೆ. ಕಾರಣ ಇಷ್ಟೇ, ಅವನು ಸತ್ತವರ ಫೋಟೋ ತೆಗೆಯುವವನು. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಕುತ್ತಿಗೆ ವಾಲದಂತೆ ಹಿಂದಿನಿಂದ ಯಾರೋ ಹಿಡಿದುಕೊಂಡಿರುವಾಗ ಕ್ಯಾಮೆರಾ ಹಿಡಿದು ಎದುರು ನಿಲ್ಲಲು ಒಬ್ಬ ಬೇಕಲ್ಲ, ಆ ಒಬ್ಬ ಇವನು. ಹೆಣ ಹೊತ್ತವರನ್ನು ಮದುವೆಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಾರೆ, ಹೆಣದ ಫೋಟೋ ತೆಗೆದವನನ್ನು ಮಾತ್ರ ಹೊಸಿಲು ದಾಟಿಸುವುದಿಲ್ಲ. ಇದು ಯಾವ ಸೀಮೆಯ ನ್ಯಾಯವೋ ನನಗಂತೂ ತಿಳಿಯದು.

ಅವನೇನು ಬಯಸಿ ಹಿಡಿದ ಕೆಲಸವಲ್ಲ. ಅಪ್ಪ ವೀರಭದ್ರಯ್ಯನವರದು ಬೆಟ್ಟದ ದಾರಿಯಲ್ಲಿ ಒಂದು ಸ್ಟುಡಿಯೋ ಇತ್ತು. ಗಂಡುಮಕ್ಕಳು ಇಬ್ಬರು. ಚಿಕ್ಕವನು ಪ್ರಭುದೇವ್ ಮೊದಲ ಸಲ ಸಾವಿನ ಮನೆಗೆ ಹೋಗಿ ಅಲ್ಲೇ ತಲೆ ತಿರುಗಿ ಬಿದ್ದ. “ಅವನು ಹೆದರ್ತಾನೆ, ನೀನೇ ಹೋಗಪ್ಪ” ಎಂದರು ಅಪ್ಪ. ರುದ್ರಮುನಿ ಹೋದ. ಅವತ್ತಿನಿಂದ ಹೋಗುತ್ತಲೇ ಇದ್ದಾನೆ. ಎರಡು ಕಡೆ ಹೆಣ್ಣು ನೋಡಿದರು, ಎರಡು ಕಡೆಯವರೂ ಕಸುಬು ಕೇಳಿ ಕಾಫಿ ಲೋಟ ಕೆಳಗಿಟ್ಟರು. ಅಪ್ಪ ತೀರಿಕೊಂಡ ಮೇಲೆ ಸ್ಟುಡಿಯೋಗೆ ಹೊಸ ಬೋರ್ಡು ಬಂತು, ಮದುವೆಯ ಆಲ್ಬಮ್ಮು, ಡ್ರೋನು ಎಲ್ಲ ಬಂದವು. “ಅಣ್ಣ, ಹೆಣ್ಣಿನ ಕಡೆಯೋರು ಬಂದಾಗ ಒಸಿ ಹಿಂದಿನ ರೂಮಲ್ಲಿರು” ಎಂದು ಪ್ರಭುದೇವ್ ಸಂಕೋಚದಿಂದಲೇ ಹೇಳಿದ. ಹೆಣ್ಣಿನ ಕಡೆಯವರು ಬರುತ್ತಲೇ ಇದ್ದರು, ರುದ್ರಮುನಿ ಹಿಂದಿನ ರೂಮಿನಲ್ಲೇ ಉಳಿದ. ಅಲ್ಲೇ ಒಂದು ಗ್ಯಾಸ್ ಒಲೆ, ಒಂದು ಮಂಚ, ಒಂದು ಕಂಪ್ಯೂಟರು. ಈಗ ಅವನಿಗೆ ಐವತ್ತು ದಾಟಿದೆ.

ಮೊಬೈಲು ಬಂದ ಮೇಲೆ ಸಾವಿನ ಮನೆಗೆ ಕರೆಯುವವರೂ ಕಡಿಮೆಯಾದರು. ಆದರೆ ಇನ್ನೊಂದು ಕಷ್ಟ ಹುಟ್ಟಿಕೊಂಡಿತು. ಹಳ್ಳಿಯವರು ಫ್ರೇಮ್ ಅಂಗಡಿ ಗಂಗಯ್ಯನ ಹತ್ತಿರ ಬರುತ್ತಾರೆ. ಪೂಜೆಗಿಡಲು ಅವ್ವನ ಫೋಟೋ ದೊಡ್ಡದು ಮಾಡಿಕೊಡಿ ಎನ್ನುತ್ತಾರೆ. ತಂದಿರುವುದು ಆಧಾರ್ ಕಾರ್ಡು. ಅದರಲ್ಲಿ ಬದುಕಿರುವವರೇ ಗುರುತು ಸಿಗುವುದಿಲ್ಲ, ಇನ್ನು ಸತ್ತವರ ಪಾಡೇನು? ಮೊಬೈಲಿನಲ್ಲಿ ಹುಡುಕಿದರೆ ಮೊಮ್ಮಗನ ಸೆಲ್ಫಿಯ ಮೂಲೆಯಲ್ಲಿ ಅಜ್ಜಿಯದು ಅರ್ಧ ಕಿವಿ. “ಇದ್ರಾಗೆ ನಮ್ಮವ್ವ ಇಲ್ಲ ಕಣಣ್ಣ” ಎಂದು ಗಟ್ಟಿಮುಟ್ಟಾದ ಗಂಡಸರು ಅಂಗಡಿಯಲ್ಲಿ ನಿಂತು ಅಳುತ್ತಾರೆ.

ಮೊದಲೇ ತೆಗೆಸಿಡಬಾರದೇ ಎಂದರೆ ಅದೂ ಸುಲಭವಲ್ಲ. ದೊಡ್ಡೇರಿಯ ಬೊಮ್ಮಣ್ಣನ ಮೊಮ್ಮಕ್ಕಳು ಹಾಗೆ ಮುಂದಾಲೋಚನೆ ಮಾಡಿ ರುದ್ರಮುನಿಯನ್ನು ಮನೆಗೆ ಕರೆದೊಯ್ದರು. ಬೊಮ್ಮಣ್ಣ ಜಗುಲಿಯ ಮೇಲೆ ಮುದ್ದೆ ಉಣ್ಣುತ್ತಿದ್ದ. ಬಾಗಿಲಲ್ಲಿ ಇವನನ್ನು ಕಂಡವನೇ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದ. “ನಾನಿನ್ನೂ ಬದುಕಿವ್ನಲ್ಲಪ್ಪಾ” ಎಂದ. ಅಂದಿನಿಂದ ಮುದುಕ ಸರಿಯಾಗಿ ಉಣ್ಣಲೇ ಇಲ್ಲ, ಸ್ವಲ್ಪ ದಿನಕ್ಕೆ ಹೋಗಿಬಿಟ್ಟ. ಡಾಕ್ಟರು ಕಿಡ್ನಿ ಎಂದರು, ಊರು ರುದ್ರಮುನಿ ಎಂದಿತು. ಆ ಇಳಿದ ತುತ್ತನ್ನು ಮಾತ್ರ ರುದ್ರಮುನಿಗೆ ಮರೆಯಲಾಗಲಿಲ್ಲ. ಇನ್ನು ಮೇಲೆ ತೆಗೆದರೆ ಅವರಿಗೆ ಗೊತ್ತಾಗದ ಹಾಗೆ ತೆಗೆಯಬೇಕು ಎಂದು ತೀರ್ಮಾನಿಸಿದ.

ಹಾಗೆ ಅವನು ಸಂತೆಗಳಿಗೆ ಹೋಗತೊಡಗಿದ್ದು. ಮಧುಗಿರಿಯಲ್ಲೂ ಪುರವರದಲ್ಲೂ ಅವನ ಮುಖ ಎಲ್ಲರಿಗೂ ಗೊತ್ತು, ಅಲ್ಲಿ ಕ್ಯಾಮೆರಾ ಎತ್ತುವ ಹಾಗಿಲ್ಲ. ಬಡವನಹಳ್ಳಿ ಸಂತೆಗೆ ಶಿರಾ ಕಡೆಯ ಹಳ್ಳಿಯವರೇ ಹೆಚ್ಚು, ಯಾರಿಗೂ ಇವನ ಕಸುಬು ತಿಳಿಯದು. ಬಟ್ಟೆಯ ಚೀಲದಲ್ಲಿ ಕ್ಯಾಮೆರಾ ಇಟ್ಟುಕೊಂಡು ಟೀ ಅಂಗಡಿಯ ಕಂಬಕ್ಕೆ ಒರಗಿ ನಿಂತು, ದೂರದಿಂದ ಮುದುಕ ಮುದುಕಿಯರನ್ನು ತೆಗೆಯುತ್ತಿದ್ದ. ಚೌಕಾಸಿ ಮಾಡುವವರು, ಎಲೆ ಅಡಿಕೆ ಹಾಕಿಕೊಳ್ಳುವವರು, ಯಾರನ್ನೋ ಬೈಯುತ್ತ ನಗುವವರು. ಯಾರಾದರೂ ತೀರಿಕೊಂಡು ಮಕ್ಕಳು ಗಂಗಯ್ಯನ ಅಂಗಡಿಗೆ ಬಂದಾಗ ಗಂಗಯ್ಯ ಆಧಾರ್ ಕಾರ್ಡನ್ನು ಇವನಿಗೆ ವಾಟ್ಸಾಪ್ ಮಾಡುತ್ತಾನೆ. ಇವನು ರೂಮಿನಲ್ಲಿ ಕುಳಿತು ಹುಡುಕುತ್ತಾನೆ. ಸಿಕ್ಕಿದರೆ, ನಗುತ್ತಿರುವ ಅವ್ವ ಫ್ರೇಮಿನಲ್ಲಿ ಬಂದು ಕೂರುತ್ತಾಳೆ. ಮಕ್ಕಳು ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋಗುತ್ತಾರೆ. ಯಾರು ತೆಗೆದದ್ದು ಎಂದು ಕೇಳಿದವರಿಲ್ಲ.

ಹೋಗಲು ಇನ್ನೊಂದು ಕಾರಣವೂ ಇತ್ತು. ಹುಣಸೆಹಣ್ಣು ಮಾರುವ ಜಯಕ್ಕ. ಎಪ್ಪತ್ತು ದಾಟಿದ ಹೆಂಗಸು, ಬಾಯಿ ಎಂದರೆ ಬಾಯಿ. ಮೊದಲ ದಿನ ಇವನ ಹಣೆಯ ವಿಭೂತಿ ನೋಡಿ, “ಬಿಸಿಲಾಗೆ ಯಾಕ್ ನಿಂತಿದೀರಾ ಅಯ್ನೋರೆ, ಬನ್ನಿ ಇಂಗೆ ಕುಂತ್ಕಳಿ” ಎಂದು ತನ್ನ ಕೊಡೆಯ ನೆರಳಿನಲ್ಲಿ ಗೋಣಿಚೀಲ ಹಾಸಿದ್ದಳು. ಆಮೇಲೆ ಪ್ರತಿ ಸಂತೆಗೂ ಅದೇ ಆಯಿತು. ಅವಳು ಸೊಸೆಯನ್ನು ಬೈಯುವಳು, ಬಸ್ ಕಂಡಕ್ಟರನ್ನು ಬೈಯುವಳು, ಇವನು ‘ಹೂಂ’ ಎನ್ನುವನು. “ಊಟ ಆಯ್ತಾ?” ಎಂದು ಕೇಳುವಳು, ಆಗಿದೆ ಎಂದರೂ ನಂಬದೆ ರೊಟ್ಟಿ ಬಿಚ್ಚುವಳು. ಜಗತ್ತಿನಲ್ಲಿ ಅವನಿಗಾಗಿ ಜಾಗ ಹಿಡಿದಿಡುತ್ತಿದ್ದದ್ದು ಅವಳೊಬ್ಬಳೇ. ಅವಳ ಫೋಟೋ ಮಾತ್ರ ಅವನು ತೆಗೆದಿರಲಿಲ್ಲ. ತೆಗೆಯಬಾರದೆಂದೇ ಇದ್ದ.

ಈ ಬೇಸಿಗೆಯಲ್ಲಿ ಜಯಕ್ಕ ಕೆಲವು ಸಂತೆ ಬರಲಿಲ್ಲ. ಮತ್ತೆ ಬಂದಾಗ ರವಿಕೆ ತೋಳಿನಲ್ಲಿ ಸಡಿಲವಾಗಿತ್ತು, ಕಿವಿಯ ಓಲೆ ಜೋತುಬಿದ್ದಿತ್ತು. “ಜ್ವರ ಬಂದಿತ್ತು, ಓಯ್ತು ಬುಡಿ” ಎಂದು ನಕ್ಕಳು. ಸಾವಿನ ಮನೆಗಳಲ್ಲಿ ಹಣ್ಣಾದ ಕಣ್ಣು ಅವನದು. ಅದು ಬೇಡವೆಂದರೂ ನೋಡಿತು. ಟೀ ಕುಡಿದು ಬರುತ್ತೇನೆಂದು ಎದ್ದುಹೋದ. ಕಂಬದ ಹತ್ತಿರ ನಿಂತು ತಿರುಗಿದರೆ ಅವಳು ಯಾವನೋ ಗಿರಾಕಿಯ ಮಾನ ಹರಾಜು ಹಾಕುತ್ತ ಬಾಯಿ ತುಂಬ ನಗುತ್ತಿದ್ದಳು. ಕೈ ತಾನಾಗಿ ಚೀಲಕ್ಕೆ ಹೋಯಿತು. ತೆಗೆದ.

ಜಯಕ್ಕನ ಪಕ್ಕದಲ್ಲಿ ಬಳೆ ಮಾರುವ ಗಂಗಲಕ್ಷ್ಮಿ ಕುಳಿತಿದ್ದಳು. ಹರೆಯದ ಹೆಣ್ಣುಮಗಳು. ಲೆನ್ಸು ತನ್ನ ಕಡೆ ತಿರುಗಿದ್ದನ್ನು ಕಂಡು ಎದ್ದಳು. “ಲೇ, ಯಾರ್ ಫೋಟೋ ಹೊಡೀತಾ ಇದೀಯಾ? ನನ್ ವಿಡಿಯೋ ಮಾಡಿ ಎಲ್ಲಿಗಾಕ್ತೀಯ?” ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ, ಈಗಿನ ಕಾಲವೇ ಹಾಗಿದೆ. ಜನ ಸೇರಿದರು. ಬಂದೋಬಸ್ತಿಗೆ ಬಂದಿದ್ದ ಪೇದೆ ಓಬಳರಾಜು ಚೀಲ ಕಿತ್ತುಕೊಂಡ. ಅವನು ಪಾವಗಡ ಕಡೆಯವನು, ಮಾತಿನಲ್ಲಿ ತೆಲುಗು ಬೆರೆಯುತ್ತಿತ್ತು. “ಏಮಯ್ಯಾ, ಏನು ನಿನ್ ಕತೆ? ನಡಿ ಸ್ಟೇಷನ್ನಿಗೆ” ಎಂದ.

ಠಾಣೆಯ ಜಗುಲಿಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಶಾರಾಣಿ ಕ್ಯಾಮೆರಾ ತೆಗೆದುಕೊಂಡು ಒಂದೊಂದೇ ಫೋಟೋ ಸರಿಸಿದರು. ಗಂಗಲಕ್ಷ್ಮಿಯ ಫೋಟೋ ಒಂದೂ ಇರಲಿಲ್ಲ. ಹುಡುಗಿಗೆ ಸಮಾಧಾನವಾಗಿ ಅಂಗಡಿಗೆ ಹೋದಳು. ಆದರೆ ಆಶಾರಾಣಿಯ ಹುಬ್ಬು ಮತ್ತೂ ಗಂಟಿಕ್ಕಿತು. ಬರೀ ಮುದುಕಿಯರು, ಮುದುಕರು. ಎಲ್ಲ ದೂರದಿಂದ ತೆಗೆದದ್ದು. ಆಚೆ ತಿಂಗಳು ಹತ್ತಿರದ ಹಳ್ಳಿಯಲ್ಲಿ ಒಂಟಿ ಮುದುಕಿಯ ಓಲೆ ಕಿತ್ತುಕೊಂಡು ಹೋಗಿದ್ದ ಕಳ್ಳರು ಇನ್ನೂ ಸಿಕ್ಕಿರಲಿಲ್ಲ.

“ಇವರೆಲ್ಲ ನಿಮಗೆ ಏನಾಗಬೇಕು?”

“ಏನೂ ಇಲ್ಲ ಮೇಡಂ.”

“ಮತ್ತೆ ಯಾಕೆ ತೆಗೆದ್ರಿ? ಯಾರು ಕಿವಿಗೆ ಏನು ಹಾಕ್ಕೊಂಡಿದಾರೆ ಅಂತ ನೋಡ್ಕೊಳ್ಳೋಕಾ?”

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಜಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

“ಬುಟ್ಬುಡವ್ವ ಅವ್ರನ್ನ. ನಮ್ ಅಯ್ನೋರು ಅಂತೋರಲ್ಲ ಕಣವ್ವ.”

“ನಿಮಗೆ ಗೊತ್ತಾ ಇವರು? ಏನು ಕೆಲಸ ಮಾಡ್ತಾರೆ?”

ಜಯಕ್ಕ ತಬ್ಬಿಬ್ಬಾದಳು. “ಅದ್ನೆಲ್ಲಾ ಯಾಕ್ ಕೇಳಾನ? ಬತ್ತಾರೆ, ಕುಂತ್ಕತಾರೆ, ಮಾತಾಡ್ತಾರೆ. ಒಳ್ಳೆ ಮನ್ಸ.” ಹೇಳಿ, ಅಲ್ಲಿದ್ದ ಬೆಂಚಿನ ಮೇಲೆ ಗಟ್ಟಿಯಾಗಿ ಕುಳಿತಳು, ಇವನನ್ನು ಬಿಡಿಸಿಕೊಂಡೇ ಹೋಗುವವಳ ಹಾಗೆ. ರುದ್ರಮುನಿಯ ಪರವಾಗಿ ಇದುವರೆಗೆ ಯಾರೂ ಮೆಟ್ಟಿಲು ಹತ್ತಿ ಬಂದಿರಲಿಲ್ಲ. ಈಗ ಬಂದಿದ್ದವಳ ಎದುರು ನಿಜ ಹೇಳುವ ಹಾಗಿಲ್ಲ.

“ಮೇಡಂ, ಒಳಗೆ ಬನ್ನಿ, ನಿಮಗೊಬ್ಬರಿಗೇ ಹೇಳ್ತೀನಿ.”

“ಒಳಗೆ ಯಾಕೆ? ಏನಿದ್ರೂ ಇಲ್ಲೇ ಹೇಳಿ.”

“ಹವ್ಯಾಸಕ್ಕೆ ತೆಗೆದೆ” ಎಂದ. ಅದನ್ನು ಓಬಳರಾಜುವೂ ನಂಬಲಿಲ್ಲ. ನಿಮ್ಮ ಪರಿಚಯದವರು ಯಾರಾದರೂ ಬಂದು ಹೇಳಿದರೆ ಬಿಡುತ್ತೇನೆ, ಇಲ್ಲದಿದ್ದರೆ ಎಲ್ಲ ಅಳಿಸಿ ಕೇಸು ಬರೆಯುತ್ತೇನೆ ಎಂದರು ಆಶಾರಾಣಿ. ಗಂಗಯ್ಯ ಫೋನೆತ್ತಲಿಲ್ಲ. ಯಾರದೋ ಮದುವೆಗೆ ಹೋಗಿರಬೇಕು. ಇನ್ನು ಯಾರಿದ್ದಾರೆ? ಎಷ್ಟೋ ಮನೆಯ ಗೋಡೆಗಳ ಮೇಲೆ ಅವನು ತೆಗೆದ ಮುಖಗಳಿವೆ. ಆ ಮನೆಗಳಿಗೆ ಅವನು ಯಾರೆಂದೇ ಗೊತ್ತಿಲ್ಲ, ಗೊತ್ತಿದ್ದವರು ಅವನ ನಂಬರನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಲೂ ಹೆದರುವವರು. ಕೊನೆಗೆ ತಮ್ಮನಿಗೇ ಫೋನ್ ಮಾಡಿದ.

ಪ್ರಭುದೇವ್ ಬೈಕಿನಲ್ಲಿ ಹಾರಿಕೊಂಡು ಬಂದ. ಅಣ್ಣನನ್ನು ಹಿಂದಿನ ರೂಮಿನಲ್ಲಿ ಕೂರಿಸಿದವನೇ ಇರಬಹುದು, ಕಳ್ಳ ಎಂದರೆ ಅವನ ರಕ್ತ ಕುದಿಯದೇ ಇರುತ್ತದೆಯೇ? ಅಣ್ಣ ಕಣ್ಣಿನಲ್ಲೇ ಬೇಡ ಬೇಡ ಎನ್ನುತ್ತಿದ್ದ. ತಮ್ಮ ಅತ್ತ ನೋಡಲೇ ಇಲ್ಲ.

“ಏನ್ ಮೇಡಂ ನೀವು! ನಮ್ಮಣ್ಣ ಸತ್ತೋರ ಫೋಟೋದೋರು. ಮಧುಗಿರೀಲಿ ಯಾರನ್ನ ಬೇಕಾದ್ರೂ ಕೇಳಿ. ಹಳ್ಳೀಲಿ ಫೋಟೋ ಇಲ್ದೆ ಸಾಯ್ತಾರೆ ಅಂತ ಮುಂಚೇನೇ ಬಂದು ತೆಗೆದಿಟ್ಕತಾರೆ. ಇವರ ಕಣ್ಣು ಅಂದ್ರೆ ಕಣ್ಣು. ಮುಖ ನೋಡಿದ್ರೆ ಸಾಕು, ಯಾರು ಹೋಗ್ತಾರೆ ಅಂತ ಗೊತ್ತಾಗ್ಬುಡ್ತದೆ. ತೆಗೆದ್ರು ಅಂದ್ರೆ ಮುಗೀತು ಅನ್ಕಳಿ.” ಹೊಗಳುತ್ತಿದ್ದ ಪಾಪ. ಹುಟ್ಟಿದಾಗಿನಿಂದ ಅಣ್ಣನನ್ನು ಹೊಗಳಿದ್ದು ಅದೇ ಮೊದಲು.

ಓಬಳರಾಜು ಕ್ಯಾಮೆರಾ ಎತ್ತಿಕೊಂಡು ಹಳೆಯ ಫೋಟೋಗಳಿಂದ ನೋಡತೊಡಗಿದ. “ಅರೆ, ಮೇಡಂ, ಇವ್ನು ಅಡವಯ್ಯ! ಯುಗಾದಿಗೆ ಮುಂಚೆ ತೀರ್ಕಂಡ. ಈಯಮ್ಮ… ಈಯಮ್ಮನೂ ಹೋದ್ಲು, ನಾನೇ ಮಣ್ಣಿಗೆ ಹೋಗಿದ್ದೆ. ಇವ್ರು ಕದಿರಯ್ಯ, ಇವರೂ ಇಲ್ಲ.” ಅವನ ದನಿಯಲ್ಲಿ ಹುರುಪೇರಿತು. ಬದುಕಿರುವವರ ಫೋಟೋ ಬಂದಾಗ ಸುಮ್ಮನೆ ದಾಟಿಸುತ್ತಿದ್ದ. ಸತ್ತ ಒಬ್ಬೊಬ್ಬರ ಹೆಸರಿಗೂ ರುದ್ರಮುನಿಯ ಮೇಲಿನ ಅನುಮಾನ ಕರಗುತ್ತ ಬಂತು. ಕೊನೆಯ ಫೋಟೋ ಬಂದಾಗ ಪೇದೆ ತಟ್ಟನೆ ಬಾಯಿ ಮುಚ್ಚಿಕೊಂಡ. ಎಲ್ಲರೂ ಬೆಂಚಿನ ಕಡೆ ನೋಡಿದರು.

ಜಯಕ್ಕ ಎದ್ದು ಮೆಟ್ಟಿಲಿಳಿದಳು.

“ಹೋಗಿ ಸರ್, ತಪ್ಪು ತಿಳ್ಕೋಬೇಡಿ” ಎಂದು ಆಶಾರಾಣಿ ತಗ್ಗಿದ ದನಿಯಲ್ಲಿ ಹೇಳಿ ಕ್ಯಾಮೆರಾ ಕೊಟ್ಟರು. ಅವರು ಅವನನ್ನು ಸರ್ ಎಂದದ್ದು ಅವನಿಗೆ ಕೇಳಿಸಲೂ ಇಲ್ಲ.

ತಮ್ಮ ಬೈಕು ತಿರುಗಿಸುತ್ತಿದ್ದಾಗ ಜಯಕ್ಕ ಠಾಣೆಯ ಬೇವಿನ ಮರದ ಕೆಳಗೆ ಇವನಿಗಾಗಿ ನಿಂತಿದ್ದಳು. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಅವಳ ಬೈಗುಳ ಅವನಿಗೆ ರೂಢಿಯಾಗಿತ್ತು.

“ಅಯ್ನೋರೆ, ನೀವು ಅಷ್ಟ್ ದಿನ ನನ್ ಪಕ್ಕ ಕುಂತಿದ್ದೆಲ್ಲಾ ಇದಕ್ಕೇನಾ?”

“ಇಲ್ಲವ್ವಾ. ನಿನ್ನಾಣೆ ಇಲ್ಲ. ನಿನ್ನ ಫೋಟೋ ನಾನು ತೆಗೆದೇ ಇರಲಿಲ್ಲ.”

“ಮತ್ತೆ ಇವತ್ತು ತೆಗದ್ರಲ್ಲ?”

ಅವನು ಸಡಿಲವಾದ ರವಿಕೆಯನ್ನು ನೋಡದಿರಲು ನೆಲ ನೋಡಿದ. ಅದೇ ಅವಳಿಗೆ ಉತ್ತರವಾಯಿತು.

“ಯಾವಾಗ ಅಂತ ಹೇಳ್ಬುಡಿ. ಮಗನ್ಗೆ ಒಸಿ ಮಾತು ಹೇಳದೈತೆ.”

“ನಂಗೆ ಹೆಂಗೆ ಗೊತ್ತಾಗ್ತದವ್ವಾ? ನಾನೇನು ದೇವರಾ? ನೋಡು, ಇಗೋ ಅಳಿಸ್ತೀನಿ.” ಗುಂಡಿ ಒತ್ತುವ ಮುಂಚೆ ಒಂದು ಸಲ ನೋಡಿದ. ಬಾಯಿ ತುಂಬ ನಗು, ಕೈಯಲ್ಲಿ ತಕ್ಕಡಿ. ಅವನು ಜೀವಮಾನದಲ್ಲಿ ತೆಗೆದ ಫೋಟೋಗಳಲ್ಲೆಲ್ಲ ಇದರಷ್ಟು ಚೆನ್ನಾದದ್ದು ಇನ್ನೊಂದಿರಲಿಲ್ಲ. ಒತ್ತಿದ. ಖಾಲಿಯಾದ ಪರದೆಯನ್ನು ಅವಳಿಗೆ ತೋರಿಸಿದ. ಅವಳು ನೋಡಿದಳು, ಆದರೆ ಮುಖದಲ್ಲಿ ಏನೂ ಬದಲಾಗಲಿಲ್ಲ.

“ಒಂದ್ ಮಾತು ಕೇಳ್ತೀನಿ, ನಡಸ್ಕೊಡಿ” ಎಂದು ಜಯಕ್ಕ ಎರಡೂ ಕೈ ಮುಗಿದಳು. “ಇನ್ಮೇಕೆ ನಮ್ ಸಂತೆಗೆ ಬರಬ್ಯಾಡಿ ಅಯ್ನೋರೆ. ನಿಮ್ಮುನ್ನ ಕಂಡ್ರೆ ನನ್ಗೆ ತಕ್ಕಡಿ ಹಿಡಿಯಕ್ಕಾಗಕಿಲ್ಲ.”