ಜೋಳದ ಬೆಂಡಿನ ರೆಕ್ಕೆ

ಇವತ್ತು ಡಾಕ್ಟರ್ ನನ್ನ ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದಾಗ, ಪಕ್ಕೆಲುಬಿನ ಸಾಲು ನೋಡಿ ಅಪ್ಪ ಮಾಡಿಕೊಟ್ಟ ಆಟದ ವಿಮಾನದ ರೆಕ್ಕೆ ನೆನಪಾಯಿತು.

ಸಂಡೂರಿನಲ್ಲಿ ದಿನವೆಲ್ಲ ಅದಿರು ಲಾರಿಗಳಿಗೆ ತಾಡಪತ್ರಿ ಹೊದಿಸುತ್ತಿದ್ದ ಅಪ್ಪ, ನನ್ನ ಶಾಲೆಯ ಹಾಲ್‌ನಲ್ಲಿ ವಿಮಾನ ಹಾರಿಸುವ ಸ್ಪರ್ಧೆಗೆಂದು ಜೋಳದ ದಂಟಿನ ಬೆಂಡನ್ನು ಬ್ಲೇಡಿನಿಂದ ಎಳೆಎಳೆಯಾಗಿ ಸೀಳಿದ. ಚಪ್ಪಲಿ ಡಬ್ಬಿಯೊಳಗಿನ ತೆಳು ಕಾಗದವನ್ನು ಗಂಜಿ ಹಚ್ಚಿ ಅದಕ್ಕೆ ಹೊದಿಸಿದ.

"ಉಸಿರು ಹಿಡ್ಕೋಲೇ, ಹಾರಿಹೋಗ್ತೈತಿ!" ಎಂದು ನಕ್ಕ.

ಸ್ಪರ್ಧೆಯ ಬೆಳಿಗ್ಗೆ ನೋಡಿದರೆ, ಗೋಡೆಯ ಗೂಡಿನಲ್ಲಿ ಒಣಗಲಿಟ್ಟ ರೆಕ್ಕೆ ಕೆಂಪಗಾಗಿತ್ತು. ಅದಿರಿನ ಧೂಳು. ಹಾರಿಸಿದರೆ ಧೂಳಿನ ಭಾರಕ್ಕೆ ಮುಗ್ಗರಿಸಿ ಬಿತ್ತು. ಊದಿದೆ, ಗಂಜಿಗೆ ಅಂಟಿದ ಧೂಳು ಅಲುಗಲಿಲ್ಲ. ಒರೆಸಿದೆ, ಕಾಗದ ಹರಿಯಿತು.

"ಬಾಗ್ಲಾ ಹಾಕಬಾರದಿತ್ತೇನಪ್ಪಾ?" ಎಂದು ಕಿರುಚಿದೆ.

"ಹಾಕಿದ್ನಲೇ. ಹಾಕಿದ್ರೂ ಬರ್ತೈತಿ ಅದು," ಎಂದು ಅಪ್ಪ ಕೆಮ್ಮಿದ.

ಆ ಕೆಮ್ಮೇ ಅವನನ್ನು ತಿಂದು ಮುಗಿಸಿತು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅವನ ತಾಡಪತ್ರಿಯ ಹಗ್ಗವನ್ನೇ ಹಿಡಿದೆ.

ಡಾಕ್ಟರ್ ಎಕ್ಸ್‌ರೇ ಕೆಳಗಿಟ್ಟರು. "ಧೂಳು ಭಾಳ ಹೋಗೇತಪಾ ಒಳಗ. ಮನಿ ಬಾಗ್ಲಾ ಹಾಕ್ಕೊಂಡಿರು."

ಮೈ ಉರಿಯಿತು. ಫ್ಯಾನಿನ ಕೆಳಗೆ ಕೂತು ಹೇಳುವುದು ಸುಲಭ.

"ಹಾಕಿದ್ರೂ ಬರ್ತೈತ್ರೀ ಅದು," ಎನ್ನುವಷ್ಟರಲ್ಲಿ ಕೆಮ್ಮು ಬಂತು.