ಕೆಂಪು ಚುಕ್ಕೆ ಮತ್ತು ನೆಲೋಗಿಯ ಹೊಸ್ತಿಲು

ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳಿ, ನಾನು ಹೇಳಿದವರೇ ಎಲ್ಲರಿಗಿಂತ ಮುಂಚೆ ಗುರಿ ಮುಟ್ಟಿದ ಮೇಲೂ ಸೋತ ಹೆಂಗಸು ನಾನು. ಅದು ಹೇಗೆ ಸಾಧ್ಯ ಅಂತ ನೀವು ಕೇಳುತ್ತೀರಿ. ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಮೊಬೈಲು ಹಿಡಿದುಕೊಂಡು, ಬಾಯಿ ತೆರೆದು ಕೂತು, ನಾನೂ ಅದನ್ನೇ ಕೇಳುತ್ತಿದ್ದೆ. ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯ ತುಂಬ ಹರಿದದ್ದು ಗೊತ್ತಾಗಲಿಲ್ಲ.

ಕಥೆ ಶುರುವಾದದ್ದು ನನ್ನ ಕಾಲಿನಿಂದ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು. ಶಾಲೆಯ ಮೆಟ್ಟಿಲು ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರು ಬಿತ್ತು. ಒಂದೇ ಕಡೆ ಕೂತ ಮನುಷ್ಯರಿಗೆ ಬೇರೆಯವರು ಓಡುವುದನ್ನು ನೋಡುವ ಚಪಲ ಹುಟ್ಟುತ್ತದೆಯೋ ಏನೋ, ಮೊಬೈಲಿನಲ್ಲಿ ಬೆರಳಾಡಿಸುತ್ತಿದ್ದಾಗ ಒಂದು ವಿಚಿತ್ರ ಆಟ ಕಣ್ಣಿಗೆ ಬಿತ್ತು. ಯಾವುದೋ ಚಳಿ ದೇಶದ ದಟ್ಟ ಕಾಡು. ಗಟ್ಟಿಮುಟ್ಟಾದ ಗಂಡಸರು, ಹೆಂಗಸರು ಕೈಯಲ್ಲಿ ನಕ್ಷೆ ಹಿಡಿದು, ಹಾದಿಯಿಲ್ಲದ ಕಡೆ ಹುಚ್ಚು ಹಿಡಿದವರ ಹಾಗೆ ಓಡುತ್ತಿದ್ದರು. ಅದಕ್ಕೆ ಓರಿಯಂಟಿಯರಿಂಗ್ ಅಂತ ಹೆಸರು. ಕಾಡಿನಲ್ಲಿ ಅಲ್ಲಲ್ಲಿ ಕೇಸರಿ-ಬಿಳಿ ಬಣ್ಣದ ನಿಶಾನೆ ಕಟ್ಟಿರುತ್ತಾರೆ. ನಕ್ಷೆ ನೋಡಿ ಅವನ್ನು ಒಂದಾದ ಮೇಲೊಂದು ಹುಡುಕಬೇಕು. ಓಡುವವರ ಬೆರಳಿಗೆ ಒಂದು ಎಲೆಕ್ಟ್ರಾನಿಕ್ ಚಿಪ್ ಕಟ್ಟಿರುತ್ತಾರೆ, ಅದನ್ನು ನಿಶಾನೆಯ ಪೆಟ್ಟಿಗೆಗೆ ತಾಗಿಸಿದರೆ ‘ಪಿಂಯ್’ ಅನ್ನುತ್ತದೆ. ಪಿಂಯ್ ಅಂದರೆ ನೀವು ಅಲ್ಲಿಗೆ ಹೋದದ್ದು ಖರೆ. ರಿಲೇ ಆದರೆ ಒಂದು ದೇಶಕ್ಕೆ ಮೂವರು. ಒಬ್ಬರು ಓಡಿ ಬಂದು ಇನ್ನೊಬ್ಬರ ಕೈ ಮುಟ್ಟಬೇಕು, ಅವರು ಕಾಡಿಗೆ ನುಗ್ಗಬೇಕು.

ನೋಡುವವರಿಗೆ ಮಾತ್ರ ಬರೀ ಚುಕ್ಕೆ ಕಾಣುತ್ತದೆ. ನಕ್ಷೆಯ ಮೇಲೆ ಕೆಂಪು, ನೀಲಿ, ಹಸಿರು ಚುಕ್ಕೆಗಳು ಬೆಲ್ಲಕ್ಕೆ ಹೊರಟ ಇರುವೆಗಳ ಹಾಗೆ ಹರಿದಾಡುತ್ತವೆ. ಒಂದೊಂದು ಚುಕ್ಕೆಯೂ ಒಂದೊಂದು ದೇಶ. ದೇಶಗಳ ಹೆಸರು ಬೇಡ ಬಿಡಿ, ಪಾಪ, ಅವರ ಮನೆಯವರೂ ಮರ್ಯಾದಸ್ಥರು.

ಈ ಚುಕ್ಕೆಗಳಲ್ಲಿ ಯಾರು ಮೊದಲು ಬರುತ್ತಾರೆ ಅಂತ ಭವಿಷ್ಯ ಹೇಳುವ ಒಂದು ಗುಂಪು ಅಂತರ್ಜಾಲದಲ್ಲಿದೆ. ಯಾವ್ಯಾವುದೋ ದೇಶದ ಜನ ಅಲ್ಲಿ ಸೇರಿ ವಾದ ಮಾಡುತ್ತಾರೆ. ನಾನೂ ಸೇರಿಕೊಂಡೆ. ನಮ್ಮ ಮನೆಯವರು ಗುರಪ್ಪನವರು ಬಗ್ಗಿ ಮೊಬೈಲು ನೋಡಿ, “ಜ್ವಾಳದ ರೊಟ್ಟಿ ಯಾವಾಗ ಆಗ್ತದ ಅಂತ ಒಂದ್ ಭವಿಷ್ಯ ಹೇಳು ನೋಡೋಣು” ಅಂದರು. ಅವತ್ತು ಅವರೇ ಉಪ್ಪಿಟ್ಟು ಮಾಡಿಕೊಂಡರು.

ಭವಿಷ್ಯ ಹೇಳುವುದರಲ್ಲಿ ನಮ್ಮ ಜನ ಹಿಂದೆ ಬಿದ್ದವರೇನಲ್ಲ. ಹಲ್ಲಿ ಲೊಚಗುಟ್ಟಿದರೆ ಒಂದು ಅರ್ಥ, ಮೈಮೇಲೆ ಬಿದ್ದರೆ ಇನ್ನೊಂದು. ಜಾತ್ರೆಯಲ್ಲಿ ಬಿಲ್ಲೇರಿ ಕಾರಣಿಕ ನುಡಿಯುವವರ ಜಾಣತನವಂತೂ ದೊಡ್ಡದು. ಇಡೀ ವರ್ಷಕ್ಕೆ ಒಂದೇ ಸಾಲು ಹೇಳಿ ಇಳಿದುಬಿಡುತ್ತಾರೆ. ಮಳೆ ಬಂದರೂ ಆ ಸಾಲಿಗೆ ಅರ್ಥವುಂಟು, ಬರದಿದ್ದರೂ ಉಂಟು. ವರ್ಷ ಮುಗಿದ ಮೇಲೆ ಕಟ್ಟೆಗೆ ಕೂತವರು ಅರ್ಥ ಹಚ್ಚಿಕೊಳ್ಳುತ್ತಾರೆ, ಹಾಗಾಗಿ ಅದು ಸುಳ್ಳಾದದ್ದೇ ಇಲ್ಲ. ನನಗೆ ಆ ಬುದ್ಧಿ ಎಲ್ಲಿ ಬರಬೇಕು? ‘ಕೆಂಪು ಚುಕ್ಕೆಯೇ ಗೆಲ್ಲುತ್ತದೆ, ನಿಸ್ಸಂದೇಹ’ ಅಂತ ಗುಂಪಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದ ಹಾಗೆ ಒಂದು ಮಾತು ಬೇರೆ ಸೇರಿಸಿದ್ದೆ: ಸುಳ್ಳಾದರೆ ನನ್ನ ಹೆಸರು ಬದಲಿಸಿ.

ಕೆಂಪು ಚುಕ್ಕೆ ಗೆದ್ದಿತು. ಕೊನೆಯ ಓಟಗಾರ ಎಲ್ಲರನ್ನೂ ಬಹಳ ಹಿಂದೆ ಬಿಟ್ಟು, ಗೆರೆ ದಾಟಿ, ಬಾವುಟ ಹೊದ್ದು ಕುಣಿದ. ನಾನು ಪ್ಲಾಸ್ಟರಿನ ಕಾಲನ್ನೂ ಮರೆತು ಎದ್ದೆ. ಅಷ್ಟರಲ್ಲಿ ಪರದೆಯ ಮೇಲೆ ಆ ದೇಶದ ಹೆಸರು ಬೂದಿ ಬಣ್ಣಕ್ಕೆ ತಿರುಗಿ ಎಲ್ಲರಿಗಿಂತ ಕೆಳಗೆ ಇಳಿಯಿತು. ತಂಡ ಅನರ್ಹ! ಅಯ್ಯೋ, ಈಗ ಕುಣಿದವನು ಯಾರು ಹಾಗಾದರೆ?

ಗುಂಪಿನವರು ತಿಳಿಸಿ ಹೇಳಿದರು. ಈ ಆಟದಲ್ಲಿ ಒಂದು ಕುತಂತ್ರವಿದೆ. ಎಲ್ಲ ತಂಡಗಳಿಗೂ ಒಟ್ಟು ಹಾದಿ ಒಂದೇ, ಆದರೆ ಒಂದೇ ಹೊತ್ತಿನಲ್ಲಿ ಎಲ್ಲರೂ ಒಂದೇ ನಿಶಾನೆಗೆ ಹೋಗುವುದಿಲ್ಲ. ನಿಮ್ಮ ನಿಶಾನೆ ಬಂಡೆಯ ಈ ಕಡೆ ಇದ್ದರೆ, ನಿಮ್ಮ ಮುಂದೆ ಓಡುವವನದು ಬಂಡೆಯ ಆ ಕಡೆ ಇರುತ್ತದೆ. ಮುಂದಿನವನ ಬೆನ್ನು ನೋಡಿ ಓಡುವ ಸೋಮಾರಿಗಳಿಗೆ ಇಟ್ಟ ಬೋನು ಇದು. ಕೆಂಪಿನ ಎರಡನೆಯ ಓಟಗಾರ ಒಂದೇ ಒಂದು ಸಲ ನಕ್ಷೆ ಬಿಟ್ಟು ನೀಲಿಯವನ ಬೆನ್ನು ನೋಡಿದ್ದ. ನೀಲಿಯ ನಿಶಾನೆಗೆ ಬೆರಳು ತಾಗಿಸಿ ಮುಂದೆ ಓಡಿದ್ದ. ಅವನದು ಹತ್ತಿರದಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ ಇತ್ತು. ಹತ್ತಿರ ಹೋದರೆ ಮುಗಿಯಿತೇ? ಮುಟ್ಟಬೇಕು. ತಪ್ಪು ಗೆರೆ ದಾಟುವ ಮೊದಲೇ ಗೊತ್ತಾದರೆ ವಾಪಸು ಹೋಗಿ ಮುಟ್ಟಿ, ಅಲ್ಲಿಂದ ಮುಂದಿನದನ್ನೆಲ್ಲ ಮತ್ತೆ ಸರತಿಯಂತೆ ಮುಟ್ಟುತ್ತ ಬರಬಹುದಂತೆ. ಗೆರೆ ದಾಟಿದ ಮೇಲೆ ದೇವರೂ ಕಾಪಾಡುವುದಿಲ್ಲ. ಒಬ್ಬನ ಬೆರಳಿಗೆ ಮೂವರ ಬೆವರು ಹೋಯಿತಲ್ಲ ಅಂತ ನನಗೆ ಎರಡು ದಿನ ಊಟ ರುಚಿಸಲಿಲ್ಲ.

ಈ ಆಘಾತ ಆರುವ ಮೊದಲೇ ಇನ್ನೊಂದು ಬಂತು. ಅದು ಬಂದದ್ದು ನೆಲೋಗಿಯಿಂದ.

ನಮ್ಮ ಅಕ್ಕ ಮಹಾದೇವಿ ಅಫಜಲಪುರದಲ್ಲಿದ್ದಾಳೆ. ಅವಳ ಮಗಳು ಭಾಗ್ಯಾಳ ಲಗ್ನ ಗೊತ್ತಾಗಿತ್ತು. ಕಾರ್ಡು ಹಂಚುವ ಕೆಲಸ ಬಂದಾಗ, ಇಷ್ಟು ಅನುಭವವಿರುವ ನಾನು ಸುಮ್ಮನಿರುವುದು ಹೇಗೆ? ಪ್ಲಾಸ್ಟರು ಬಿಚ್ಚಿದ್ದೇ ತಡ, ಮೂರು ತಾಲೂಕಿಗೆ ಮೂರು ಪಾಲಿನ ರಿಲೇ ಹಾಕಿಕೊಟ್ಟೆ. ಆಳಂದದ ಕಡೆ ನಾನು ಮತ್ತು ನಮ್ಮ ಮನೆಯವರು. ಅಫಜಲಪುರ, ಕರಜಗಿ ಕಡೆ ಅಕ್ಕ. ಜೇವರ್ಗಿಯ ಕಡೆ ಅಕ್ಕನ ಗಂಡ ಶಂಕ್ರೆಪ್ಪ ಭಾವ. ನೆಲೋಗಿಯಲ್ಲಿ ನಮ್ಮ ಅಣ್ಣ ಬಸಣ್ಣನ ಮನೆ, ಅದು ಜೇವರ್ಗಿ ತಾಲೂಕಾದ್ದರಿಂದ ಭಾವನ ಪಾಲಿಗೆ ಬಿತ್ತು. ನಮ್ಮ ಕಡೆ ಕಾರ್ಡೆಂದರೆ ಅಂಚೆಯ ಕಾಗದವಲ್ಲ. ಹೊಸ್ತಿಲಿಗೆ ಹೋಗಬೇಕು, ಮನೆಯ ಹೆಣ್ಣುಮಗಳಿಗೆ ಕುಂಕುಮ ಹಚ್ಚಬೇಕು, ಅಕ್ಷತೆ ಕೊಟ್ಟು ‘ಎಲ್ಲಾರೂ ಬರಬೇಕ್ರಿ’ ಅನ್ನಬೇಕು, ಒಂದು ಗುಟುಕು ಚಹಾ ಕುಡಿಯಬೇಕು. ಆಗ ಪಿಂಯ್. ‘ಸಲೀಸಾಗಿ ಮುಗೀತದ, ಯಾರೂ ತಪ್ಪಂಗಿಲ್ಲ’ ಅಂತ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಭವಿಷ್ಯ ಬರೆದೆ.

ಎಲ್ಲರಿಗಿಂತ ಮೊದಲು ಮುಗಿಸಿದ್ದು ಭಾವ! “ಜೇವರ್ಗಿ ಪೂರಾ ಖಲಾಸ್” ಅಂತ ಬರೆದಿದ್ದರು. ನಾನು ಕೆಂಪು ಚುಕ್ಕೆಯೊಂದನ್ನು ಬಹುಮಾನವಾಗಿ ಕಳಿಸಿದೆ. ಈಗ ನೆನೆಸಿಕೊಂಡರೆ ನನ್ನ ಕೈಯನ್ನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಲಗ್ನ ಹತ್ತಿರ ಬಂತು. ವೈನಿ, ಅಂದರೆ ಬಸಣ್ಣನ ಹೆಂಡತಿ ಶಾಂತಮ್ಮ, ಯಾವ ಸೀರೆ ಉಡುತ್ತಾಳೆ ಕೇಳೋಣವೆಂದು ಫೋನು ಮಾಡಿದೆ.

“ವೈನಿ, ಲಗ್ನಕ್ಕ ಯಾವ ಸೀರಿ ತೆಗದಿಟ್ಟೀರಿ?”

“ಯಾರ ಲಗ್ನಕ್ಕ್ರೀ?”

ನಾನು ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ.

“ನಮ್ಮ ಭಾಗ್ಯಾಂದು, ವೈನಿ!”

“ಹೌದೇನ್ರಿ? ಛಲೋ ಆತು. ನಮ್ಮ ಮನೀಗಂತೂ ಯಾರೂ ಹೇಳಾಕ ಬಂದಿಲ್ರಿ.”

“ಅಣ್ಣಗ ಕಾರ್ಡು ಮುಟ್ಟೇದಲ್ರಿ!”

“ಜೇವರ್ಗಿ ಬಸ್ ಸ್ಟ್ಯಾಂಡಿಗೆ ಮುಟ್ಟೇದ್ರಿ. ಮನೀಗೆ ಮುಟ್ಟಿಲ್ಲ. ಇಡ್ತೀನ್ರಿ, ಎಮ್ಮಿ ಒದರಾಕತ್ತೇದ.”

ಮೊದಲ ಬಸ್ಸಿಗೆ ಅಫಜಲಪುರಕ್ಕೆ ಹೋದೆ. ಭಾವನನ್ನು ಕೇಳಿದರೆ ಅವರು ಮುಖ ಕೆಳಗೆ ಹಾಕಿ ಎಲ್ಲ ಹೇಳಿದರು. ಅದೇ ತಿಂಗಳು ಲಗ್ನವಿದ್ದ ನಮ್ಮ ಬಳಗದವರೇ ಒಬ್ಬರು ಜೀಪು ಮಾಡಿಕೊಂಡು ಕಾರ್ಡು ಹಂಚಲು ಹೊರಟಿದ್ದರಂತೆ. ಅವರು ಹೋಗುವ ಮನೆಗಳೂ ಇವರು ಹೋಗುವ ಮನೆಗಳೂ ಹೆಚ್ಚುಕಡಿಮೆ ಒಂದೇ. ಭಾವ ಅವರ ಜೀಪು ಹತ್ತಿದರು. ಆ ಜೀಪು ಎಲ್ಲಿ ನಿಂತರೆ ಇವರೂ ಅಲ್ಲಿ ಇಳಿದರು. ಅವರಿಗೆ ನೆಲೋಗಿಯಲ್ಲಿ ಬೀಗರಿರಲಿಲ್ಲ, ಜೀಪು ಜೇವರ್ಗಿಗೆ ಬಂದು ತಿರುಗಿತು. ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಸಿಕ್ಕ. ಇಬ್ಬರೂ ಚಹಾ ಕುಡಿದು ನಕ್ಕರು. ಭಾವ ಚಹಾದ ಬಶಿಯ ಪಕ್ಕದಲ್ಲಿ ಕಾರ್ಡಿಟ್ಟರು. “ಅವನೂ ತೊಗೊಂಡ್ನಲ್ಲವ್ವಾ, ಕಿಸೇದಾಗ ಇಟಗೊಂಡ್ನಲ್ಲ!” ಅಂದರು. ನಾನು ತಲೆ ಹಿಡಿದುಕೊಂಡು ಕೂತೆ. ಸಾವಿರಾರು ಮೈಲಿ ದೂರದ ಕಾಡಿನಲ್ಲಿ ಆದದ್ದು ಚಾಚೂ ತಪ್ಪದೆ ಜೇವರ್ಗಿಯ ಬಸ್ ಸ್ಟ್ಯಾಂಡಿನಲ್ಲಿ ಆಗಿತ್ತು.

ಬೇರೆ ಯಾರ ಮನೆಯಾದರೂ ಆಗಿದ್ದರೆ ಒಂದು ಮಾತು ಅನ್ನಿಸಿಕೊಂಡು ಮುಗಿಸಬಹುದಿತ್ತು. ಆದರೆ ಬಸಣ್ಣ ಸೋದರಮಾವ. ಅಕ್ಷತೆ ಬೀಳುವಾಗ ಹುಡುಗಿಯ ಬೆನ್ನ ಹಿಂದೆ ನಿಲ್ಲಬೇಕಾದವನು. ಅದೂ ಭಾಗ್ಯಾ ಸಣ್ಣವಳಿದ್ದಾಗ ನೆಲೋಗಿಯಲ್ಲೇ ಬೆಳೆದು, ಶಾಲೆಗೆ ಅವನ ಹೆಗಲೇರಿ ಹೋದವಳು. ವಿಷಯ ತಿಳಿದಾಗ ಅವಳು ಅಳಲಿಲ್ಲ, ಕೂಗಲಿಲ್ಲ. “ಮಾವ ಹಿಂದ ನಿಲ್ಲಲಿಲ್ಲಂದ್ರ ನಾ ಮಣೀ ಮ್ಯಾಲ ಕೂಡಂಗಿಲ್ಲ ನೋಡವ್ವ,” ಅಂದಳು ಅಷ್ಟೇ. ಅಕ್ಕ ಗೋಡೆಗೆ ಒರಗಿ ಕೂತುಬಿಟ್ಟಳು. ನನಗೆ ಭಯವಾಯಿತು. ಭಾಗ್ಯಾ ಆಡಿದ ಮಾತಿನಿಂದ ಹಿಂದೆ ಸರಿದದ್ದನ್ನು ನಾನು ಕಂಡಿಲ್ಲ, ಆ ವಿಷಯದಲ್ಲಿ ಅವಳು ಥೇಟ್ ಮಾವನಂತೆಯೇ.

“ಇನ್ನಾ ಗೆರಿ ದಾಟಿಲ್ಲ. ವಾಪಸು ಹೋಗಿ ಮುಟ್ಟೋಣು, ನಡೀರಿ,” ಅಂದೆ.

ಭಾನುವಾರ ಬೆಳಿಗ್ಗೆ ಅಕ್ಕ, ಭಾವ, ಭಾಗ್ಯಾ, ನಾವಿಬ್ಬರು, ಎಲ್ಲರೂ ಅಫಜಲಪುರದ ಮನೆಗೆ ಕೀಲಿ ಹಾಕಿ ಜೀಪಿನಲ್ಲಿ ಹೊರಟೆವು. ಭಾವ ಹಾದಿಯುದ್ದಕ್ಕೂ ಕುಂಕುಮದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನಮ್ಮ ಮನೆಯವರು ಸುಮ್ಮನಿರಬೇಕಲ್ಲ, “ನಿನ್ನ ಆಟದ ಕಾಯದೆ ಪ್ರಕಾರ ನೆಲೋಗಿ ಆದಮ್ಯಾಲಿನ ಮನೀಗೆಲ್ಲ ಇವ್ರು ಮತ್ತ ಹೋಗಬೇಕಲ್ಲ?” ಅಂದರು. ಭಾವನ ಮುಖ ನೋಡಲಾಗಲಿಲ್ಲ. ನಾನು ಧೈರ್ಯಕ್ಕೆ ಭವಿಷ್ಯ ಹೇಳಿದೆ: ಅಣ್ಣ ಮೊದಲು ಬೈಯುತ್ತಾನೆ, ಮೊದಲನೆಯ ಚಹಾ ಆಗುವತನಕ ಮುಖ ತಿರುಗಿಸಿ ಕೂರುತ್ತಾನೆ, ಎರಡನೆಯ ಚಹಾಕ್ಕೆ ಕರಗುತ್ತಾನೆ. ಹುಟ್ಟಿದಾಗಿನಿಂದ ನೋಡಿದ ಅಣ್ಣ, ತಪ್ಪಲು ಸಾಧ್ಯವೇ ಇಲ್ಲ.

ನೆಲೋಗಿಯ ಮನೆಗೆ ಕೀಲಿ ಬಿದ್ದಿತ್ತು.

ನಾವೆಲ್ಲ ಕಟ್ಟೆಯ ಮೇಲೆ ಕುಸಿದೆವು. ಯಾವ ಹೊತ್ತಿನಲ್ಲೂ ಆ ಮನೆಗೆ ಕೀಲಿ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ನಾವು ಬರುವುದು ಗೊತ್ತಾಗಿ ಎದ್ದು ಹೋದನೇ? ಅಷ್ಟು ಸಿಟ್ಟೇ? ಫೋನು ಹಚ್ಚಿದೆ.

“ಎಲ್ಲಿದ್ದೀಬೇ?” ಅಂದ ಅಣ್ಣ, ಗಡಸು ದನಿಯಲ್ಲಿ.

“ನಿನ್ನ ಮನಿ ಕಟ್ಟಿ ಮ್ಯಾಲ.”

“ನಾ ಅಕ್ಕನ ಮನಿ ಕಟ್ಟಿ ಮ್ಯಾಲ ಕುಂತೀನಿ. ಇಲ್ಲಿ ಕೀಲಿ ಅದ.”

ನಮ್ಮ ಜೀಪೂ ಅವನ ಬಸ್ಸೂ ಎಲ್ಲೋ ಹಾದಿಯಲ್ಲಿ ಒಂದನ್ನೊಂದು ದಾಟಿ ಹೋಗಿದ್ದವು! ‘ನೀ ಅಲ್ಲೇ ಇರು, ನಾವು ಬರ್ತೇವಿ’ ಅಂದೆ ನಾನು. ‘ನೀವು ಅಲ್ಲೇ ಇರ್ರಿ, ನಾವು ಬರ್ತೇವಿ’ ಅಂದ ಅವನು. ಒಬ್ಬರ ಮಾತು ಒಬ್ಬರು ಕೇಳುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ, ಎರಡೂ ಕಡೆಯವರು ಹೊರಟೆವು. ಈ ಸಲ ಫೋನು ಇಡಲಿಲ್ಲ ಎಂಬುದೊಂದೇ ಪುಣ್ಯ. ಸೊನ್ನದ ಹತ್ತಿರ, ಭೀಮೆಯ ದಂಡೆಗೆ, ಅವರು ಹಿಡಿದು ಬಂದ ಟಂಟಂ ಆಟೋ ಎದುರಿಗೆ ಸಿಕ್ಕಿತು.

ವೈನಿ ಇಳಿದಳು, ಹಿಂದೆಯೇ ಅಣ್ಣ ಇಳಿದ. ಬಗಲಲ್ಲಿ ಬಿಳಿ ಅರಿವೆಯ ಒಂದು ಗಂಟು. ಭಾವ ಬಟ್ಟಲನ್ನು ಅಕ್ಕನ ಕೈಗೆ ಕೊಟ್ಟು ಹೋಗಿ ಅವನ ಎರಡೂ ಕೈ ಹಿಡಿದು, “ತಪ್ಪಾಗೇದಪ್ಪಾ ಬಸಣ್ಣ,” ಅಂದರು. ಅಣ್ಣ ಬೈಯಲಿಲ್ಲ. ನನ್ನ ಭವಿಷ್ಯದ ಮೊದಲ ಪಾಲು ಅಲ್ಲಿಗೆ ಮಣ್ಣಾಯಿತು.

“ನಿಮ್ಮ ಮ್ಯಾಲ ಸಿಟ್ಟು ಅದ, ಇರೂದೇ. ಹುಡುಗಿ ಏನ್ ಮಾಡ್ಯಾಳ? ಅಕಿಗೆ ಲಗ್ನದ ಸೀರಿ ಕೊಟ್ಟು ಬರೋಣು ಅಂತ ಹೋಗಿದ್ದೆ,” ಅಂತ ಗಂಟಿನ ಮೇಲೆ ಕೈಯಾಡಿಸಿದ.

ಅಕ್ಕ ಅಲ್ಲೇ ಹಾದಿಯಲ್ಲಿ ಕುಂಕುಮದ ಬಟ್ಟಲು ತೆರೆದು ವೈನಿಯ ಹತ್ತಿರ ಹೋದಳು. ವೈನಿ ಹಿಂದೆ ಸರಿದು ಸೆರಗು ಬಿಗಿದುಕೊಂಡಳು. “ಇಲ್ಲಿ ಬ್ಯಾಡ್ರೀ ಅಕ್ಕಾ. ಹಾದ್ಯಾಗ ಕೊಟ್ಟ ಕಾರ್ಡು ಒಮ್ಮಿ ತೊಗೊಂಡು ಸಾಕಾಗೇದ.”

ಮಾತು ಮುಗಿಯಿತು. ಎಲ್ಲರೂ ಒಂದೇ ಜೀಪಿನಲ್ಲಿ ಒತ್ತಿಕೊಂಡು ಕೂತು ಮತ್ತೆ ನೆಲೋಗಿಗೆ ಹೊರಟೆವು. ಎದುರುಬದುರು ಮೊಣಕಾಲು ತಾಗುತ್ತಿದ್ದರೂ ವೈನಿ ಕಿಟಕಿಯ ಹೊರಗಿನ ತೊಗರಿಯ ಹೊಲಗಳನ್ನೇ ನೋಡಿದಳು. ಮುಂದೇನಾಗುತ್ತದೆ ಅಂತ ನಮ್ಮ ಮನೆಯವರು ಕಣ್ಣಿನಲ್ಲೇ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಅದೇ ಹೊತ್ತಿಗೆ ಎಲ್ಲೋ ಒಂದು ದೊಡ್ಡ ರಿಲೇ ಶುರುವಾಗುವುದಿತ್ತು, ಗುಂಪಿಗೆ ನನ್ನ ಭವಿಷ್ಯ ಕಳಿಸುವುದಿತ್ತು. ಅದು ನೆನಪಾದದ್ದು ಎರಡು ದಿನದ ಮೇಲೆ.

ಮನೆ ಬಂತು. ವೈನಿ ಇಳಿದು, ಸೊಂಟದಿಂದ ಕೀಲಿಕೈ ತೆಗೆದು ಬಾಗಿಲು ತೆರೆದಳು. ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

ನಮ್ಮ ಮುಖಕ್ಕೇ! ಭಾವ ಚಪ್ಪಲಿ ಬಿಟ್ಟವರು ಮತ್ತೆ ಮೆಟ್ಟಿಕೊಂಡರು. ಮುಗಿಯಿತು, ಇನ್ನು ಯಾವ ಮುಖ ಇಟ್ಟುಕೊಂಡು ನಿಲ್ಲುವುದು ಅಂತ ನಾನು ಜೀಪಿನ ಕಡೆ ತಿರುಗಿದೆ. ಒಳಗೆ ಪಾತ್ರೆಯ ಸದ್ದು, ಬಳೆಯ ಸದ್ದು. ಅಣ್ಣ ಮಾತ್ರ ಏನೂ ಆಗದವನ ಹಾಗೆ ನಿಂತಿದ್ದ.

ಬಾಗಿಲು ತೆರೆಯಿತು. ವೈನಿ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಕೈಯಲ್ಲಿ ನೀರಿನ ಚೆಂಬು ಹಿಡಿದು ಹೊಸ್ತಿಲ ಒಳಗೆ ನಿಂತಿದ್ದಳು. ನಮ್ಮನ್ನು ಈಗಷ್ಟೇ ಕಂಡವಳ ಹಾಗೆ ಹುಬ್ಬೇರಿಸಿದಳು.

“ಅಯ್ಯ! ಯಾವಾಗ ಬಂದ್ರೀ? ಬರ್ರಿ, ಬರ್ರಿ, ಕಾಲಿಗೆ ನೀರ ತೊಗೋರಿ.”

ಅಕ್ಕ ಕಣ್ಣೀರು ಸುರಿಸುತ್ತಲೇ ಅವಳ ಹಣೆಗೆ ಕುಂಕುಮ ಹಚ್ಚಿ, ಕಾರ್ಡನ್ನು ಕೈಗಿಟ್ಟಳು. ನನ್ನ ಪಕ್ಕದಲ್ಲಿ ನಮ್ಮ ಮನೆಯವರು ಮೆಲ್ಲಗೆ “ಪಿಂಯ್” ಅಂದರು. ಯಾರೋ ಕಿಸಕ್ಕೆಂದು ನಕ್ಕರು, ತಿರುಗಿ ನೋಡಿದೆ. ಭಾಗ್ಯಾ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಅವಳ ಹಿಂದೆ, ಗಂಟನ್ನು ಎದೆಗೆ ಅವಚಿಕೊಂಡು, ಅಣ್ಣ ಆಗಲೇ ನಿಂತಿದ್ದ.