ಮೊಂಡು ಕತ್ತಿಯ ಸಾಣೆ ಚಿಕ್ಕಮ್ಮ

ದರ್ಜಿಯ ಅಂಗಡಿಗೂ ಕ್ಷೌರದ ಅಂಗಡಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದಷ್ಟು ಕಿರಿದಾದ ಒಂದು ಮಳಿಗೆ ಇತ್ತು. ಅಲ್ಲಿ ಕತ್ತರಿ, ಚಾಕುಗಳಿಗೆ ಸಾಣೆ ಹಿಡಿಯುತ್ತಿದ್ದವರನ್ನು ಬೀದಿಯವರೆಲ್ಲ ಸಾಣೆ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತೆಂಟು. ನಲವತ್ತು ವರ್ಷ ಸಾಣೆಕಲ್ಲಿನ ಮುಂದೆ ಕೂತು ಕೂತು ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಮೇಲೆದ್ದಿತ್ತು. ಹದ ತಪ್ಪಿ ಒತ್ತಿದರೆ ಉಕ್ಕು ಕಾದು ನೀಲಿಗಟ್ಟುತ್ತದೆ. ಒಮ್ಮೆ ನೀಲಿಗಟ್ಟಿದ ಅಲಗಿನಲ್ಲಿ ಹರಿತ ನಿಲ್ಲುವುದಿಲ್ಲ. ಚಿಕ್ಕಮ್ಮನ ಕೈಯಲ್ಲಿ ಯಾವ ಕತ್ತರಿಯೂ ನೀಲಿಗಟ್ಟಿದ್ದಿಲ್ಲ. ಸಾಣೆ ಮುಗಿದ ಮೇಲೆ ಒದ್ದೆ ಕಾಗದದ ಚೂರೊಂದನ್ನು ಕತ್ತರಿಸಿ ನೋಡುತ್ತಿದ್ದರು. ಕಾಗದ ಎಲ್ಲಿಯೂ ತಡವರಿಸದೆ ಎರಡಾದರೆ ಮಾತ್ರ ಆ ಕತ್ತರಿ ಒಡೆಯರ ಕೈ ಸೇರುತ್ತಿತ್ತು.

ಅವರ ಅಕ್ಕನಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಹೀಗಾಗಿ ಅಕ್ಕನ ಮಗಳು ಶಾಲೆ ಬಿಟ್ಟೊಡನೆ ಚೀಲ ಹೊತ್ತು ಬರುತ್ತಿದ್ದದ್ದು ಈ ಮಳಿಗೆಗೇ. ಮೂಲೆಯ ಮಣೆಯ ಮೇಲೆ ಕೂತು ಪಾಠ ಬರೆಯುತ್ತ ಅವಳು ಆ ದಿನದ ಕಥೆಯನ್ನೆಲ್ಲ ಒಪ್ಪಿಸುತ್ತಿದ್ದಳು. ಚಿಕ್ಕಮ್ಮನ ಕೈ ಕೆಲಸದಲ್ಲಿ, ಕಣ್ಣು ಅಲಗಿನ ಮೇಲೆ, ಕಿವಿ ಮಾತ್ರ ಹುಡುಗಿಯ ಕಡೆಗೆ. ಹೀಗೆ ಹದಿನಾಲ್ಕು ವರ್ಷ ನಡೆಯಿತು. ಆಮೇಲೆ ಅವಳು ನರ್ಸ್ ಆದಳು, ಮದುವೆಯಾದಳು, ಗಂಡನೊಡನೆ ದೂರದ ಊರಿನಲ್ಲಿ ಸಂಸಾರ ಹೂಡಿದಳು. ಫೋನಿನಲ್ಲಿ ಮಾತು ಹತ್ತುತ್ತಿರಲಿಲ್ಲ.

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು."

ಅಲ್ಲಿಗೆ ಬಾವಿ ಬತ್ತಿಹೋಗುತ್ತಿತ್ತು. ಕೈ ಕಟ್ಟಿಕೊಂಡು ಸುಮ್ಮನೆ ಮಾತಾಡುವುದು ಇಬ್ಬರಿಗೂ ಬಾರದ ವಿದ್ಯೆ.

ಒಂದು ದಿನ ಹುಡುಗಿ, ತಾನೂ ಗಂಡನೂ ಆಡುತ್ತಿದ್ದ ಆನ್‌ಲೈನ್ ಗೇಮಿಗೆ ಚಿಕ್ಕಮ್ಮನನ್ನೂ ಎಳೆದುಕೊಂಡು, ತನ್ನ ಹಳೆಯ ಕಂಪ್ಯೂಟರನ್ನು ಮಳಿಗೆಗೆ ಕಳಿಸಿಕೊಟ್ಟಳು. ಕಾಡು, ಕೋಟೆ, ಕತ್ತಿ, ಗುರಾಣಿಗಳ ಆಟ ಅದು. ಸಾವಿರಾರು ಜನ ತಂತಮ್ಮ ಮನೆಯಲ್ಲೇ ಕೂತು ಒಂದೇ ಲೋಕದಲ್ಲಿ ಓಡಾಡುತ್ತಾರೆ. ಅವಳನ್ನು ಚಿಕ್ಕಂದಿನಿಂದ ಕಂಡಿದ್ದ ದರ್ಜಿಯೂ ಕ್ಷೌರಿಕನೂ "ನಾವೂ ಬರ್ತೀವಿ" ಎಂದು ತಂತಮ್ಮ ಅಂಗಡಿಯಲ್ಲೇ ಆಡಲು ಕೂತರು. ಅಲ್ಲಿಗೆ ಐದು ಜನರ ಟೀಮ್ ಆಯಿತು, ನರ್ಸ್ ಅದರ ನಾಯಕಿಯಾದಳು. ಭಾನುವಾರ ಮಧ್ಯಾಹ್ನ ಮೂರರಿಂದ ಐದು ಗಂಟೆಯವರೆಗೆ ಆಟ. ಕೈಗೆ ಮೌಸ್ ಸಿಕ್ಕಿದ್ದೇ ತಡ, ಚಿಕ್ಕಮ್ಮನಿಗೂ ಹುಡುಗಿಗೂ ಮಾತು ಹಳೆಯ ಹರಿವಿಗೆ ಬಂದುಬಿಟ್ಟಿತು. ಪರದೆಯ ಮೇಲಿನ ಹೆಗ್ಗಣ ಹೊಡೆಯುತ್ತ ಹೊಡೆಯುತ್ತ ಅವಳು ಆಸ್ಪತ್ರೆಯ ಸುದ್ದಿ ಹೇಳುವಳು, ಇವರು ಬೀದಿಯ ಸುದ್ದಿ ಹೇಳುವರು. ವಾರದ ಉಳಿದ ಆರು ದಿನಗಳನ್ನು ಚಿಕ್ಕಮ್ಮ ಆ ಎರಡು ಗಂಟೆಗಾಗಿಯೇ ದೂಡುತ್ತಿದ್ದರು ಎಂದರೂ ಸುಳ್ಳಾಗದು.

ಆದರೆ ಆ ಲೋಕದಲ್ಲಿ ಒಂದು ಕಟ್ಟಳೆ ಇತ್ತು. ವರ್ಷಕ್ಕೊಮ್ಮೆ ಮೇಲಿನ ನಾಡಿನ ಬಾಗಿಲು ತೆರೆಯುತ್ತದೆ. ಬಾಗಿಲ ಮುಂದಿನ ಕಲ್ಲುಸೇತುವೆಯ ಮೇಲೆ ಪ್ರತಿ ಟೀಮೂ ಹನ್ನೆರಡು ನಿಮಿಷ ಶತ್ರುಗಳನ್ನು ತಡೆಯಬೇಕು. ಗಂಟೆ ಬಾರಿಸುವಾಗ ಯಾರು ನಿಂತಿರುತ್ತಾರೋ ಅವರು ಮೇಲೆ, ಬಿದ್ದವರು ಕೆಳಗೇ. ಮೇಲೆ ಹೋದವರು ಮತ್ತೆ ಕೆಳಗಿಳಿಯುವಂತಿಲ್ಲ.

"ಚಿಕ್ಕಮ್ಮ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದಳು ಹುಡುಗಿ ಒಂದು ಭಾನುವಾರ. "ಈ ಸಲ ನಾವು ಮೇಲೆ ಹೋಗ್ಲೇಬೇಕು ಅಂತ ಇವರು ಹಟ ಹಿಡಿದಿದಾರೆ. ಆಟದ ಲೆಕ್ಕದಲ್ಲಿ ನಿನ್ನ ಮಟ್ಟ ಏನೋ ಹನ್ನೆರಡಿದೆ. ಆದ್ರೆ ಕತ್ತಿವಿದ್ಯೆ ನಾಲ್ಕೇ ಇದೆಯಲ್ಲ? ಸೇತುವೆ ಮೇಲೆ ಒಂದು ನಿಮಿಷನೂ ನಿಲ್ಲಲ್ಲ ನೀನು. ನಿನ್ನ ಬದಲು ಇವರ ಸ್ನೇಹಿತರೊಬ್ಬರನ್ನ ಸೇರಿಸ್ಕೊಳ್ಳೋಣ ಅಂತಾರೆ."

"ಆಮೇಲೆ ನಾನು?"

ಮೇಲೆ ಹೋದವರು ಕೆಳಗಿಳಿಯುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಎರಡು ತಿಂಗಳಿದೆ ಅಲ್ವಾ? ಅಷ್ಟು ದಿನ ನನ್ನ ಜಾಗ ಯಾರಿಗೂ ಕೊಡಬೇಡ" ಎಂದರು ಚಿಕ್ಕಮ್ಮ. ದನಿ ಗಟ್ಟಿಯಾಗಿಯೇ ಇತ್ತು.

ಮರುದಿನ ಊಟದ ಬಿಡುವಿನಲ್ಲಿ ಮಳಿಗೆಯ ಷಟರ್ ಬಾಗಿಲು ಅರ್ಧ ಎಳೆದು, ಎಲ್ಲಿ ಎಡವಿದೆ ಎಂದು ಹುಡುಕತೊಡಗಿದರು. ಹೊಸಬರಿಗೆಲ್ಲ ಆಟ ಮೊದಲು ಕೊಡುವುದು ಒಂದು ತುಕ್ಕು ಹಿಡಿದ ಮೊಂಡು ಕತ್ತಿ. ಸಾಣೆ ಹಿಡಿಯುವವರ ಜೀವ, ಮೊಂಡು ಅಲಗನ್ನು ಕಂಡು ಸುಮ್ಮನಿದ್ದೀತೆ? ಚಿಕ್ಕಮ್ಮ ಮೊದಲ ಹದಿನೈದು ದಿನ ಬೆಟ್ಟಗುಡ್ಡ ಅಲೆದು ಸಾಣೆಕಲ್ಲು ಕೂಡಿಹಾಕಿ, ಕತ್ತಿಯನ್ನು ಕೂದಲು ಸೀಳುವಷ್ಟು ಹರಿತ ಮಾಡಿಕೊಂಡಿದ್ದರು. ಆಮೇಲೆ ಒಂದು ಏಟಿಗೆ ಒಂದು ಹೆಗ್ಗಣ. ಕೊಂದಷ್ಟೂ ಮಟ್ಟ ಏರುತ್ತಿತ್ತು, ಅವರೂ ಹಿಗ್ಗುತ್ತಿದ್ದರು. ಈಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಾಗ ಬೇರೊಂದು ಸಂಗತಿ ಕಂಡಿತು. ಮೂಲೆಯಲ್ಲಿ ಕತ್ತಿವಿದ್ಯೆಯದೊಂದು ಸಣ್ಣ ಗೆರೆ ಇತ್ತು. ಅದು ಬೆಳೆಯುತ್ತಿದ್ದದ್ದು ಕೊಂದ ಲೆಕ್ಕಕ್ಕಲ್ಲ, ತಗುಲಿದ ಏಟಿನ ಲೆಕ್ಕಕ್ಕೆ. ಒಂದೇ ಏಟಿಗೆ ಹೆಗ್ಗಣ ಸತ್ತರೆ ಗೆರೆ ಒಂದೇ ಎಳೆ ಮುಂದಕ್ಕೆ. ಹರಿತವೆಲ್ಲ ಕತ್ತಿಗೆ ಸೇರಿತ್ತು, ಕೈಗೆ ಏನೂ ಬಂದಿರಲಿಲ್ಲ.

ಕತ್ತಿಯನ್ನು ಬಂಡೆಗೆ ಬಡಿದರೆ ಮೊಂಡಾಗುತ್ತದೆ ಎಂದು ಆಟದ ಕಮ್ಮಾರ ಹೇಳಿದ. ಚಿಕ್ಕಮ್ಮ ಬಂಡೆಯ ಮುಂದೆ ನಿಂತರು, ನಿಂತೇ ಇದ್ದರು. ನಲವತ್ತು ವರ್ಷದಲ್ಲಿ ಬೇಕೆಂದೇ ಒಂದು ಅಲಗನ್ನು ಹಾಳು ಮಾಡಿದ್ದಿಲ್ಲ. ಪರದೆಯ ಮೇಲಿನ ಚಿತ್ರದ ಕತ್ತಿಯೇ ಆದರೂ ಕೈ ಬರಲೊಲ್ಲದು. ಕಡೆಗೆ ಮುಖವನ್ನು ಆ ಕಡೆ ತಿರುಗಿಸಿಕೊಂಡು ಗುಂಡಿ ಒತ್ತಿದರು. ಒತ್ತಿದರು, ಮತ್ತೆ ಒತ್ತಿದರು.

ಮೊಂಡು ಕತ್ತಿಗೆ ಒಂದು ಹೆಗ್ಗಣ ನಲವತ್ತು ಏಟು ತಾಳಿತು. ಗೆರೆ ನಲವತ್ತು ಎಳೆ ಸರಿಯಿತು.

ಅಂದಿನಿಂದ ದಿನವೂ ಊಟದ ಬಿಡುವಿನಲ್ಲಿ ಚಿಕ್ಕಮ್ಮ ಊರಾಚೆಯ ಬೇಲಿಯ ಬಳಿ ಹೆಗ್ಗಣಗಳ ಜೊತೆ ಹಾಜರ್. ನಾಯಿಯ ಗಾತ್ರದ ಹೆಗ್ಗಣಗಳು. ಮೊದಲು ಒಂದೊಂದನ್ನೇ ಎದುರಿಸಿದರು. ಆಮೇಲೆ ಬೇಲಿಗೆ ಬೆನ್ನು ಕೊಟ್ಟು, ಮೂರನ್ನು ಒಟ್ಟಿಗೆ ಕರೆದು ಗುರಾಣಿಯ ಮೇಲೆ ಕಚ್ಚಿಸಿಕೊಂಡರು. ತಡೆದ ಪ್ರತಿಯೊಂದು ಕಡಿತಕ್ಕೂ ಗುರಾಣಿವಿದ್ಯೆ ಒಂದು ಎಳೆ ಬೆಳೆಯಿತು. ಹೆಗ್ಗಣದ ಹಲ್ಲಿಗೆ ಹೆದರಿಕೆ ಇಲ್ಲವೆನ್ನಿಸಿದ ದಿನ ಮುಳ್ಳುಹಂದಿಗಳ ಕಡೆಗೆ ಹತ್ತು ಹೆಜ್ಜೆ ಸರಿದರು, ಹತ್ತೇ ಹೆಜ್ಜೆ.

ಪಕ್ಕದ ಕ್ಷೌರಿಕನಿಗೆ ಇದು ಹಬ್ಬದೂಟವಾಯಿತು. ಅವನ ಮಾತು ಒಮ್ಮೆ ಗೋಡೆಯಿಂದಲೂ ಒಮ್ಮೆ ಹೆಡ್‌ಫೋನಿನಿಂದಲೂ ಎರಡೆರಡು ಸಲ ಕೇಳಿಸುತ್ತಿತ್ತು.

"ಏನ್ ಚಿಕ್ಕಮ್ಮ ಇದು. ಊರಿಗೆಲ್ಲ ಸಾಣೆ ಹಿಡಿಯೋರು ನೀವು, ನಿಮ್ಮ ಕತ್ತೀಲಿ ಬೆಣ್ಣೆನೂ ಕುಯ್ಯೋಕಾಗಲ್ಲ. ಹೆಗ್ಗಣಕ್ಕೆ ಬೆನ್ನು ತುರಿಸ್ತಾ ಇದೀರಾ?"

"ನಿನ್ನ ಬಾಯಿ ಇಷ್ಟು ಹರಿತ ಇರೋವಾಗ ಟೀಮಿಗೆ ಇನ್ನೊಂದು ಕತ್ತಿ ಯಾಕಪ್ಪ?"

"ನಾನು ನಿನ್ನೆ ಕರಡಿ ಹೊಡೆದೆ, ಗೊತ್ತಾ? ಎರಡೇ ಏಟು. ನನ್ನ ಮಟ್ಟ ಮೂವತ್ತು."

"ಎರಡೇ ಏಟು ಅಲ್ವಾ? ಹಾಗಾದ್ರೆ ಎರಡೇ ಏಟಿನಷ್ಟು ಕಲಿತೆ."

ಮಾತು ಕಡಿಮೆಯ ದರ್ಜಿ ಇದನ್ನು ಕೇಳಿಸಿಕೊಂಡ. ಮೂರು ದಿನ ಬಿಟ್ಟು, ಯಾರಿಗೂ ಹೇಳದೆ ಅವನೂ ತನ್ನ ಈಟಿಯನ್ನು ಬಂಡೆಗೆ ಉಜ್ಜಿಕೊಂಡು ಬೇಲಿಯ ಇನ್ನೊಂದು ತುದಿಗೆ ಬಂದು ನಿಂತ.

ಬೇಲಿಯ ಬಳಿ ಓಡಾಡುವ ಹೊಸಬರು, ದಿನವೂ ಅಲ್ಲೇ ನಿಂತಿರುತ್ತಿದ್ದ ಈ ಕಬ್ಬಿಣದ ಟೊಪ್ಪಿಗೆಯ ವೀರ ಯಾರೋ ದೊಡ್ಡ ಗಂಡಾಳೆಂದು ತಿಳಿದು ಸಲಹೆ ಕೇಳತೊಡಗಿದರು. ಚಿಕ್ಕಮ್ಮ ಅವರ ಭ್ರಮೆ ಕಳೆಯುವ ಗೋಜಿಗೆ ಹೋಗಲಿಲ್ಲ. ಒಂದೇ ಬೆರಳಿನಲ್ಲಿ ಅಕ್ಷರ ಕುಟ್ಟಿ ಕುಟ್ಟಿ ಉತ್ತರ ಕೊಡುತ್ತಿದ್ದರು.

"ಗುರುಗಳೇ, ನನ್ನ ಮಟ್ಟ ಹತ್ತಾಯ್ತು. ಆದ್ರೂ ತೋಳ ಬಂದ್ರೆ ಸತ್ತೇಹೋಗ್ತೀನಿ. ಯಾಕೆ?"

"ನಿನ್ನ ಗುರಾಣಿ ಎಲ್ಲಿ?"

"ಮಾರಿಬಿಟ್ಟೆ ಗುರುಗಳೇ, ದೊಡ್ಡ ಕೊಡಲಿ ತಗೊಳ್ಳೋಕೆ."

"ಹೋಗಿ ಗುರಾಣಿ ವಾಪಸ್ ತಗೊಂಡು ಬಾ. ಆಮೇಲೆ ಮಾತು."

ಅವನು ತಂದ ಮೇಲೆ ಮುಂದಿನ ಪಾಠ ನಡೆಯಿತು. "ನಿನಗಿಂತ ಕೊಂಚ ಕೈಲಾಗದವನನ್ನ ಹುಡುಕ್ಕೊಂಡು ಅವನ ಜೊತೆ ಬಹಳ ಹೊತ್ತು ಹೊಡೆದಾಡು. ಬಲಶಾಲಿ ಜೊತೆ ಹೊಡೆದಾಡಿದ್ರೆ ಸಾಯೋದು ಬೇಗ, ಕಲಿಯೋದು ಕಡಿಮೆ. ಆ ಹಸಿರು ಪಟ್ಟಿ ನಿನ್ನ ಉಸಿರು. ಅದು ಮೂರರಲ್ಲಿ ಒಂದು ಪಾಲಿಗೆ ಇಳಿದ್ರೆ ಹೊಡೆಯೋದು ನಿಲ್ಲಿಸು, ಬರೀ ಗುರಾಣಿ ಹಿಡಿದು ನಿಂತ್ಕೊ. ಹೊಸಬರು ಸಾಯೋದು ಏಟು ತಿಂದಲ್ಲ, ಉಸಿರು ಮುಗಿದು. ಇನ್ನೊಂದು, ಇವತ್ತು ಕತ್ತಿ ನಾಳೆ ಬಿಲ್ಲು ಅಂತ ಹಾರಾಡಬೇಡ. ಒಂದನ್ನೇ ಹಿಡಿ."

"ಬೇಜಾರಾಗಲ್ವಾ ಗುರುಗಳೇ?"

"ಆಗುತ್ತೆ. ಆದ್ರೆ ಆಗಲಿ."

ಎರಡು ತಿಂಗಳು ಉರುಳಿದವು. ಸೇತುವೆಯ ಪರೀಕ್ಷೆಗೆ ಹಿಂದಿನ ಭಾನುವಾರ ನಾಯಕಿ ಎಲ್ಲರ ಅಂಕಿಗಳನ್ನು ತೆರೆದು ನೋಡಿದಳು. ಚಿಕ್ಕಮ್ಮನ ಹೆಸರಿನ ಮುಂದೆ ಮಟ್ಟ ಹದಿನಾಲ್ಕು. ಕತ್ತಿವಿದ್ಯೆ ಅರವತ್ತೊಂದು, ಗುರಾಣಿವಿದ್ಯೆ ಅರವತ್ತನಾಲ್ಕು. ಅವಳು ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದಳು. ಕ್ಷೌರಿಕನ ಮಟ್ಟ ಮೂವತ್ತಾರು, ಕೊಡಲಿವಿದ್ಯೆ ಹತ್ತೊಂಬತ್ತು.

"ಅತ್ತೆ, ಇದೇನಿದು?" ಎಂದ ಅವಳ ಗಂಡ.

"ಹೆಗ್ಗಣಗಳ ಆಶೀರ್ವಾದ, ಅಳಿಯಂದಿರೆ."

ಸ್ನೇಹಿತನ ಮಾತು ಅವನು ಮತ್ತೆ ಎತ್ತಲಿಲ್ಲ. ಆದರೂ ಚಿಕ್ಕಮ್ಮನ ಎದೆಯಲ್ಲಿ ಅಳುಕು ಇದ್ದೇ ಇತ್ತು. ಅಂಕಿ ಬೇರೆ, ಸೇತುವೆ ಬೇರೆ. ಶನಿವಾರ ಆಟದ ತಮ್ಮ ಕತ್ತಿಗೆ ಮನಸಾರೆ ಸಾಣೆ ಹಿಡಿದರು. ಅಭ್ಯಾಸಕ್ಕೆ ಮೊಂಡು, ಪರೀಕ್ಷೆಗೆ ಹರಿತ ಎಂಬುದು ಅವರ ಲೆಕ್ಕಾಚಾರವಾಗಿತ್ತು.

ಭಾನುವಾರ ನಾಲ್ಕು ಗಂಟೆಗೆ ಐವರೂ ಸೇತುವೆಯ ಮೇಲೆ ನಿಂತರು. ಮೊದಲು ಬೂದು ತೋಳಗಳು ಬಂದವು. ಕ್ಷೌರಿಕನ ಕೊಡಲಿ ಬೀಸಿದಲ್ಲೆಲ್ಲ ತೋಳಗಳು ತರಗೆಲೆಯಂತೆ ಉದುರಿದವು. "ಇಷ್ಟೇನಾ?" ಎಂದು ಅವನು ಗೋಡೆ ಅದುರುವಂತೆ ನಕ್ಕ. ನಾಲ್ಕನೆಯ ನಿಮಿಷದಿಂದ ಕಬ್ಬಿಣದ ಕವಚ ತೊಟ್ಟವರು ಸಾಲು ಸಾಲಾಗಿ ಬರತೊಡಗಿದರು. ಏಳನೆಯ ನಿಮಿಷದ ಹೊತ್ತಿಗೆ ನಗುವುದಕ್ಕೆ ಯಾರಿಗೂ ಬಿಡುವಿರಲಿಲ್ಲ.

"ಏನಾಯ್ತು ನನ್ನ ಕೊಡಲಿಗೆ? ಹೊಡೆದ್ರೂ ನಾಟ್ತಾ ಇಲ್ಲ" ಎಂದು ಕ್ಷೌರಿಕ ತೊದಲಿದ.

ಆಗಿದ್ದು ಇಷ್ಟೇ. ಪ್ರತಿ ಏಟಿಗೂ ಆಯುಧದ ಹರಿತ ಕೊಂಚ ಕೊಂಚ ಸವೆಯುತ್ತದೆ. ಬೇರೆ ದಿನಗಳಲ್ಲಿ ನಾಲ್ಕು ಏಟು ಹೊಡೆದು ಕಮ್ಮಾರನ ಬಳಿಗೆ ಓಡುತ್ತಿದ್ದವರಿಗೆ ಅದರ ಬಿಸಿ ತಟ್ಟಿಯೇ ಇರಲಿಲ್ಲ. ಸೇತುವೆಯ ಮೇಲೆ ಕಮ್ಮಾರನಿಲ್ಲ. ಹರಿತ ಹೋದ ಮೇಲೆ ಅವರವರ ಕೈಯಲ್ಲಿ ಉಳಿದದ್ದು ಅವರವರು ಕಲಿತ ವಿದ್ಯೆಯಷ್ಟೇ. ಕ್ಷೌರಿಕನಿಗೆ ಅದು ಹತ್ತೊಂಬತ್ತು.

ಚಿಕ್ಕಮ್ಮನ ಕತ್ತಿಯೂ ಮೊಂಡಾಗಿತ್ತು. ಆದರೆ ಮೊಂಡು ಕತ್ತಿ ಅವರಿಗೆ ಎರಡು ತಿಂಗಳ ಒಡನಾಡಿ. ಅದನ್ನು ಎಷ್ಟು ಎತ್ತಿದರೆ ಎಲ್ಲಿ ಬೀಳುತ್ತದೆ, ಕವಚದ ಯಾವ ಸಂದಿಗೆ ತಗುಲಿದರೆ ಎದುರಾಳಿ ಮುಗ್ಗರಿಸುತ್ತಾನೆ ಎಂಬುದೆಲ್ಲ ಬೆರಳ ತುದಿಯಲ್ಲಿತ್ತು. ಅಲ್ಲಿಯವರೆಗೆ ಹಿಂದಿನ ಸಾಲಿನಲ್ಲಿದ್ದವರು ಈಗ ಮುಂದೆ ಬಂದರು.

"ಎಲ್ಲರೂ ನನ್ನ ಹಿಂದೆ ಬನ್ನಿ. ದರ್ಜಿಯಪ್ಪ, ನೀನು ಎಡಗಡೆ ನೋಡ್ಕೊ. ಉಳಿದೋರು ಹೊಡೀಬೇಡಿ, ಉಸಿರು ಉಳಿಸ್ಕೊಳ್ಳಿ."

"ಚಿಕ್ಕಮ್ಮ, ಮೂರು ಜನ ಒಟ್ಟಿಗೆ ಬರ್ತಿದಾರೆ" ಎಂದಳು ಹುಡುಗಿ.

"ಬರಲಿ ಬಿಡೇ. ಮೂರು ಮೂರೇ ನಂಗೆ ಅಭ್ಯಾಸ."

ಸೇತುವೆಯ ಕಟ್ಟೆಗೆ ಬೆನ್ನು ಕೊಟ್ಟು ಗುರಾಣಿ ಎತ್ತಿದರು. ಮೂವರ ಏಟೂ ಗುರಾಣಿಯ ಮೇಲೇ ಬಿತ್ತು. ಹಸಿರು ಪಟ್ಟಿ ಇಳಿದಾಗ ತಡೆದರು, ಏರಿದಾಗ ಹೊಡೆದರು. ಅವಸರವಿಲ್ಲ, ಆವೇಶವಿಲ್ಲ. ಒಬ್ಬ ಬಿದ್ದ, ಇನ್ನೊಬ್ಬ ಬಿದ್ದ, ಅವರ ಜಾಗಕ್ಕೆ ಮತ್ತೆ ನಾಲ್ವರು ಬಂದರು. ಹತ್ತನೆಯ ನಿಮಿಷದಲ್ಲಿ ಕ್ಷೌರಿಕ ಮಂಡಿಯೂರಿದ. ಇನ್ನೊಂದು ಏಟು ತಗುಲಿದರೆ ಅವನ ಕಥೆ ಮುಗಿಯಿತು. ಚಿಕ್ಕಮ್ಮ ಎರಡು ಹೆಜ್ಜೆ ಸರಿದು ಅವನ ಮೇಲೂ ಗುರಾಣಿ ಚಾಚಿದರು.

"ಬಿಡಿ ಚಿಕ್ಕಮ್ಮ, ನಿಮ್ಮನ್ನ ನೀವು ನೋಡ್ಕೊಳ್ಳಿ."

"ಬಾಯಿ ಮುಚ್ಕೊಂಡು ಕೂತ್ಕೊ. ಅಲ್ಲಾಡಿದ್ರೆ ನಾನೇ ಹೊಡೀತೀನಿ."

ಚಿಕ್ಕಮ್ಮನ ಹಸಿರು ಪಟ್ಟಿ ಈಗ ಎಳೆಯಷ್ಟಾಗಿತ್ತು. ಅವರು ಕತ್ತಿಯನ್ನು ಇಳಿಸಿ, ಗುರಾಣಿಯೊಂದನ್ನೇ ಎರಡೂ ಕೈಯಲ್ಲಿ ಹಿಡಿದು ನಿಂತರು. ದರ್ಜಿಯ ಈಟಿ ಎಡದಿಂದ ಕುಟುಕುತ್ತಲೇ ಇತ್ತು. ಏಟಿನ ಮೇಲೆ ಏಟು ಬಿದ್ದು ಪರದೆ ಕೆಂಪಾಯಿತು.

ಗಂಟೆ ಬಾರಿಸಿತು.

ಶತ್ರುಗಳೆಲ್ಲ ಹೊಗೆಯಂತೆ ಕರಗಿದರು. ಬಾಗಿಲ ಮೇಲೆ ಒಂದಾದ ಮೇಲೊಂದು ಐದು ಹೆಸರು ಬೆಳಗಿದವು. ಐದೂ. ಚಿಕ್ಕಮ್ಮ ಎಣಿಸಿದರು, ಮತ್ತೊಮ್ಮೆ ಬೆರಳಿಟ್ಟು ಎಣಿಸಿದರು. ದರ್ಜಿ ಎಂದೂ ಇಲ್ಲದವನು ಶಿಳ್ಳೆ ಹಾಕಿದ. ಅಳಿಯ "ಅತ್ತೆ, ನೀವಂದ್ರೆ ನೀವೇ" ಎಂದು ಕೂಗಿದ. ಕ್ಷೌರಿಕ ಹೆಡ್‌ಫೋನ್ ಕಿತ್ತಿಟ್ಟು, ತನ್ನ ಅಂಗಡಿಯಿಂದ ಹೊರಬಿದ್ದು, ಅರ್ಧ ಎಳೆದ ಬಾಗಿಲಿನಡಿ ಬಗ್ಗಿ ಒಳಗೆ ಬಂದು ಚಿಕ್ಕಮ್ಮನ ಎದುರು ಕೈಕಟ್ಟಿ ನಿಂತ.

"ತಪ್ಪಾಯ್ತು ಚಿಕ್ಕಮ್ಮ. ನಾಳೆಯಿಂದ ನಂಗೂ ಹೇಳ್ಕೊಡಿ."

"ಮೊದಲು ಹೋಗಿ ಬಾಗಿಲು ದಾಟಪ್ಪ, ಅದು ಮುಚ್ಚಿದ್ರೆ ಇನ್ನೊಂದು ವರ್ಷ ಹೆಗ್ಗಣಾನೇ ಗತಿ."

ಅವನು ಬಿದ್ದಂಬೀಳ ಓಡಿದ.

ಐವರೂ ದಾಟಿದ ಮೇಲೆ ಬಾಗಿಲು ಮುಚ್ಚಿಕೊಂಡಿತು. ಮೇಲಿನ ನಾಡಿನಲ್ಲಿ ಬಿಳಿಯ ಬೆಟ್ಟಗಳ ನಡುವೆ ಒಂದು ಉದ್ದನೆಯ ದಾರಿ ಹೋಗುತ್ತಿತ್ತು. ಗಂಡಸರು ಮೂವರೂ ಮುಂದೆ ನಡೆದರು. ಹುಡುಗಿ ಮಾತ್ರ ಚಿಕ್ಕಮ್ಮನ ಪಕ್ಕದಲ್ಲೇ ಉಳಿದಳು. ಹೆಡ್‌ಫೋನಿನಲ್ಲಿ ಮೂಗು ಸೊರ್ರೆಂದು ಎಳೆಯುವ ಸದ್ದು ಕೇಳಿಸಿತು.

"ಅಳ್ತಾ ಇದೀಯೇನೇ?"

"ಇಲ್ಲ, ನೆಗಡಿ." ಆಮೇಲೆ ಅವಳೇ ಹೇಳಿದಳು. "ನಿನ್ನನ್ನ ಬಿಟ್ಟು ಹೋಗೋಣ ಅಂದಿದ್ನಲ್ಲ ಚಿಕ್ಕಮ್ಮ ನಾನು."

"ಅಂದಿದ್ದಕ್ಕೇ ಕಲಿತೆ ಕಣೇ. ಅದಿರಲಿ, ಈ ವಾರ ಏನಾಯ್ತು ಹೇಳು. ಬೆಳಗಿನಿಂದ ಕಾಯ್ತಾ ಇದೀನಿ."

"ಅಯ್ಯೋ, ಕೇಳು. ಬುಧವಾರ ನಮ್ಮ ವಾರ್ಡಿಗೆ ಒಬ್ಬರು ಬಂದ್ರು, ಕಾಲು ಮುರ್ಕೊಂಡು. ಹೇಗೆ ಮುರೀತು ಅಂದ್ರೆ ಹೇಳೋಕೆ ನಾಚಿಕೆ ಅವರಿಗೆ..."

ಚಿಕ್ಕಮ್ಮ ಮೌಸ್ ಹಿಡಿದ ಕೈಯನ್ನು ಆರಾಮವಾಗಿ ಸಡಿಲಿಸಿ, ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿದರು. ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು. ಐದಕ್ಕೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಆಮೇಲೆ ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ.